ರಿಯಾಕ್ಟರ್ ವೆಸಲ್ ಉಕ್ಕಿನ ಟಿ-ಸೊನ್ನೆ: ಚಾರ್ಪಿ ಗಾತ್ರವೋ, ಮಿನಿ ಸಿಟಿಯೋ?

ಟಿ-ಸೊನ್ನೆ ಎಂದರೆ ಉಕ್ಕು ಬಿರುಕಿನಿಂದ ಥಟ್ಟನೆ ಒಡೆಯುವ ವಲಯವನ್ನು ಗುರುತಿಸುವ ತಾಪಮಾನ; ಕಡಿಮೆಯಿದ್ದಷ್ಟೂ ಉಕ್ಕು ಒಳ್ಳೆಯದು. ಪಿಎಚ್.ಡಿ.ಗೆ ಅದನ್ನು ಅಳೆಯುವ ಮಾಸ್ಟರ್ ಕರ್ವ್ ಪರೀಕ್ಷೆ (ಎಎಸ್‌ಟಿಎಂ ಇ1921) ಮಾಡುವವರು ಮೊದಲು ನೋಡಬೇಕಾದದ್ದು ವಿಕಿರಣಕ್ಕೊಡ್ಡಿದ ಉಕ್ಕು ಎಷ್ಟಿದೆ ಎಂಬುದನ್ನು. ಮುರಿಯದ ಚಾರ್ಪಿ ತುಂಡುಗಳು (ಸುತ್ತಿಗೆ ಹೊಡೆತದ ಪರೀಕ್ಷೆಗೆಂದು ಮಾಡಿದ ಸಣ್ಣ ಪಟ್ಟಿಗಳು) ಹತ್ತಾರು ಇದ್ದರೆ, 10×10×55 ಮಿ.ಮೀ. ತುಂಡಿಗೇ ಫೆಟೀಗ್ ಬಿರುಕು (ಮತ್ತೆ ಮತ್ತೆ ಭಾರ ಹಾಕಿ ಬೆಳೆಸಿದ ಬಿರುಕು) ಕೊಟ್ಟು ಬಾಗಿಸುವುದು ಸುಲಭ. ಆದರೆ ಬಾಗಿಸುವಾಗ ಬಿರುಕಿನ ತುದಿಯ ಬಿಗಿತ ಸಡಿಲುತ್ತದೆ. ಟಿ-ಸೊನ್ನೆ ಸುಮಾರು 10 ಡಿಗ್ರಿ ಕಡಿಮೆ ಬಂದು, ಉಕ್ಕು ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಸುರಕ್ಷತೆಯ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ.

ಮುರಿದ ಅರೆತುಂಡುಗಳಷ್ಟೇ ಉಳಿದಿದ್ದರೆ 4 ಮಿ.ಮೀ. ದಪ್ಪದ ಮಿನಿ ಸಿಟಿಯೇ (ಕಾಂಪ್ಯಾಕ್ಟ್ ಟೆನ್ಷನ್, ಅಂದರೆ ಎಳೆದು ಬಿರಿಸುವ ಪುಟ್ಟ ತುಂಡು) ಸರಿ. ಒಂದು ಅರೆತುಂಡಿನಲ್ಲಿ ನಾಲ್ಕು ಕತ್ತರಿಸಬಹುದು. ಕಷ್ಟವಿರುವುದು ತಾಪಮಾನದಲ್ಲಿ: ಟಿ-ಸೊನ್ನೆಗೆ ಹತ್ತಿರ ಪರೀಕ್ಷಿಸಿದರೆ ಫಲಿತಾಂಶಗಳು ಗಾತ್ರದ ಮಿತಿ ದಾಟಿ ಸೆನ್ಸಾರ್ ಆಗುತ್ತವೆ (ಅಳೆದ ಬೆಲೆಯ ಬದಲು ಮಿತಿಯ ಬೆಲೆಯನ್ನಷ್ಟೇ ಬಳಸಬೇಕಾಗುತ್ತದೆ), ಟಿ-ಸೊನ್ನೆಗಿಂತ 50 ಡಿಗ್ರಿಗೂ ಹೆಚ್ಚು ಕೆಳಗಿಳಿದರೆ ಲೆಕ್ಕಕ್ಕೇ ಬರುವುದಿಲ್ಲ. ಅಂದಾಜಿಸಿದ ಟಿ-ಸೊನ್ನೆಗಿಂತ 30 ಡಿಗ್ರಿ ಕೆಳಗೆ ಶುರುಮಾಡಿ, 12ರಿಂದ 16 ತುಂಡು ಸಿದ್ಧವಿಟ್ಟುಕೊಳ್ಳಿ.