ಎಲ್ ಪಾಸೊದ ಅಪರಾಧ ನಡಿಗೆ: ಬಂದೂಕಿಗೆ ಎರಡು ಗಂಟೆ, ಸೇತುವೆಗೆ ಹತ್ತು ನಿಮಿಷ

ಟೆಕ್ಸಾಸ್‌ನ ಪಶ್ಚಿಮ ತುದಿಯಲ್ಲಿರುವ ಎಲ್ ಪಾಸೊ ನಗರವನ್ನೂ ಮೆಕ್ಸಿಕೊದ ಸ್ಯುದಾದ್ ಹ್ವಾರೆಸ್ ನಗರವನ್ನೂ ಬೇರ್ಪಡಿಸುವುದು ರಿಯೊ ಗ್ರಾಂದೆ ನದಿ. ಕಾಂಕ್ರೀಟ್ ಕಾಲುವೆಯೊಳಗಿನ ಅದರ ನೀರನ್ನು ಕಂಡರೆ ನಮ್ಮೂರಿನ ಹಳ್ಳವೇ ವಾಸಿ ಎನಿಸುತ್ತದೆ. ಈ ಗಡಿನಗರದ ಅಪರಾಧಗಳ ಇತಿಹಾಸವನ್ನು ಸ್ಥಳದಲ್ಲೇ ನಿಂತು ವಿವರಿಸುವ ಮೂರು ಗಂಟೆಗಳ ಮಾರ್ಗದರ್ಶಿತ ನಡಿಗೆಗೆ ತಲೆಗೆ 30 ಡಾಲರ್ ಕೊಟ್ಟು ಕಳೆದ ಅಕ್ಟೋಬರ್‌ನಲ್ಲಿ ಹೋಗಿದ್ದೆ. ಇಂಥ ನಡಿಗೆ ನಡೆಸುವವರು ಹಲವರಿರುವುದರಿಂದ ಸಂಸ್ಥೆಯ ಹೆಸರು ಹೇಳುವುದಿಲ್ಲ.

ಮಾರ್ಗದರ್ಶಕರು ನಡಿಗೆಯನ್ನು ಆರಂಭಿಸಿದ್ದು ಎಲ್ ಪಾಸೊ ಸ್ಟ್ರೀಟಿನಲ್ಲಿ, 1881ರ ಏಪ್ರಿಲ್ 14ರ ಗುಂಡಿನ ಕಾಳಗದಿಂದ. ‘ಐದು ಸೆಕೆಂಡಿನಲ್ಲಿ ನಾಲ್ಕು ಹೆಣ’ ಎಂದೇ ಹೆಸರಾದ ಆ ಘಟನೆಯನ್ನು ಅವರು ಯಾರು ಎಲ್ಲಿ ನಿಂತಿದ್ದರು, ಯಾರ ಗುಂಡು ಯಾರಿಗೆ ತಾಗಿತು ಎಂದು ಹೆಜ್ಜೆಯಳೆದು ತೋರಿಸಿದ ರೀತಿ ನಿಜಕ್ಕೂ ಸೊಗಸಾಗಿತ್ತು. ಊರಿನ ಪೊಲೀಸ್ ಮುಖ್ಯಸ್ಥ, ಅಂದರೆ ಮಾರ್ಷಲ್, ಡಲ್ಲಾಸ್ ಸ್ಟೌಡನ್ಮೈರ್ ಅಧಿಕಾರ ವಹಿಸಿಕೊಂಡು ಇನ್ನೂ ಮೂರು ದಿನವಾಗಿತ್ತು; ಅವನ ಮೊದಲ ಗುಂಡಿಗೆ ಬಲಿಯಾದವನು ಜಗಳಕ್ಕೆ ಸಂಬಂಧವೇ ಇಲ್ಲದ, ದಾರಿಯಲ್ಲಿದ್ದ ಒಬ್ಬ ಮೆಕ್ಸಿಕನ್. ಆದರೆ ಇದಕ್ಕೆಲ್ಲ ಮೂಲವಾದದ್ದು ಗಡಿಯಾಚೆಯಿಂದ ಕಳುವಾದ ದನಗಳು ಮತ್ತು ಅವನ್ನು ಹುಡುಕಿಕೊಂಡು ಬಂದು ಕೊಲೆಯಾದ ಇಬ್ಬರು ಮೆಕ್ಸಿಕನ್ ದನಗಾಹಿಗಳು ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ತುರುಗೋಳಿನಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನಿಂದ ಹೋದವನಿಗೆ ಇದು ತಲೆಕೆಳಗಾದ ಕಥೆಯಂತೆ ಕೇಳಿಸಿತು.

ಅಲ್ಲಿಂದ ವ್ಯಾನಿನಲ್ಲಿ ಕಾಂಕಾರ್ಡಿಯಾ ಸ್ಮಶಾನಕ್ಕೆ ಕರೆದೊಯ್ದರು. ಕುಖ್ಯಾತ ಬಂದೂಕುಗಾರ ಜಾನ್ ವೆಸ್ಲಿ ಹಾರ್ಡಿನ್, ಸೆರೆಮನೆಯಿಂದ ಹೊರಬಂದು ವಕೀಲನಾಗಿದ್ದವನು, 1895ರ ಆಗಸ್ಟ್ 19ರಂದು ಆಕ್ಮೆ ಸಲೂನಿನಲ್ಲಿ ದಾಳವಾಡುತ್ತಿದ್ದಾಗ ಕಾನ್‌ಸ್ಟೇಬಲ್ ಜಾನ್ ಸೆಲ್ಮನ್‌ನ ಗುಂಡಿಗೆ ಸತ್ತ. ಮರುವರ್ಷ ಸೆಲ್ಮನ್ ಕೂಡ ಗುಂಡಿಗೇ ಬಲಿಯಾಗಿ ಇದೇ ಸ್ಮಶಾನ ಸೇರಿದ. ಹಾರ್ಡಿನ್‌ನ ಸಮಾಧಿಗೆ ಕಬ್ಬಿಣದ ಪಂಜರವಿದೆ, ಪ್ರವಾಸಿಗರು ಅಲ್ಲಿ ನಾಣ್ಯಗಳನ್ನು ಹಾಕುತ್ತಾರೆ. ಇದೇ ಸ್ಮಶಾನದಲ್ಲಿ ಚೀನೀಯರಿಗೆ ಪ್ರತ್ಯೇಕವಾದ ಒಂದು ಭಾಗವಿದೆ. 1881ರಲ್ಲಿ ಊರಿಗೆ ಬಂದ ರೈಲುಹಾದಿಯನ್ನು ಹಾಕಿದ ಕೂಲಿಗಳಲ್ಲಿ ಚೀನೀಯರು ಬಹಳ ಮಂದಿ. ಮರುವರ್ಷವೇ ಬಂದ ಕಾನೂನು ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ್ದರಿಂದ ಹ್ವಾರೆಸ್ ಕಡೆಯಿಂದ ಅವರನ್ನು ಕದ್ದು ದಾಟಿಸುವುದು ಒಂದು ದಂಧೆಯಾಯಿತು. ಗಡಿ ಗಸ್ತು ಪಡೆ ಹುಟ್ಟಿದ್ದು 1924ರಲ್ಲಾದರೂ ಅದಕ್ಕೂ ಮುಂಚೆ ಕುದುರೆಯೇರಿದ ತಪಾಸಣಾಧಿಕಾರಿಗಳು ಇಲ್ಲಿ ಬೆನ್ನಟ್ಟುತ್ತಿದ್ದುದು ಬಹುಪಾಲು ಇವರನ್ನೇ. ನಮ್ಮ ಗುಂಪು ಆ ಚೀನೀ ಭಾಗದತ್ತ ತಿರುಗಲಿಲ್ಲ. ನಾನೊಬ್ಬನೇ ಹೋಗಿ ಬಂದೆ.

ನನ್ನ ಮುಖ್ಯ ಆಕ್ಷೇಪಣೆ ಕೊನೆಯ ನಿಲುಗಡೆಯಾದ, ಎರಡೂ ನಗರಗಳನ್ನು ಜೋಡಿಸುವ ಸಾಂತಾ ಫೆ ಸೇತುವೆಯ ಕುರಿತದ್ದು. ಮೆಕ್ಸಿಕೊದಿಂದ ಕೆಲಸಕ್ಕೆ ಬರುವವರನ್ನು ಹೇನು ಮತ್ತು ಹೇನಿನಿಂದ ಹರಡುವ ಟೈಫಸ್ ಜ್ವರದ ಹೆಸರಿನಲ್ಲಿ ಬಟ್ಟೆ ಬಿಚ್ಚಿಸಿ ಸೀಮೆಎಣ್ಣೆ ಮಿಶ್ರಿತ ದ್ರಾವಣದಲ್ಲಿ ಮೀಯಿಸುತ್ತಿದ್ದ ಸ್ಥಳವಿದು. 1917ರ ಜನವರಿ 28ರಂದು ಮನೆಗೆಲಸದ ಹದಿನೇಳರ ಹುಡುಗಿ ಕಾರ್ಮೆಲಿತಾ ತೊರೆಸ್ ಮೀಯಲು ಒಪ್ಪದೆ ಟ್ರಾಮಿನ ಇತರ ಹೆಂಗಸರನ್ನೂ ಎಬ್ಬಿಸಿದಳು. ಪ್ರತಿಭಟನೆ ಬೆಳೆದು ಸೇತುವೆಯ ಸಂಚಾರ ನಿಂತೇಹೋಯಿತು. ಅದರ ಹಿಂದಿನ ವರ್ಷವಷ್ಟೇ ಎಲ್ ಪಾಸೊದ ಜೈಲಿನಲ್ಲಿ ಇಂಥದೇ ಸ್ನಾನದ ವೇಳೆ ಬೆಂಕಿ ಹತ್ತಿ ಕೈದಿಗಳು ಸುಟ್ಟು ಸತ್ತಿದ್ದರು. ಹಾರ್ಡಿನ್‌ಗೆ ಅರ್ಧ ಗಂಟೆ ಕೊಟ್ಟವರು ಈ ಹುಡುಗಿಗೆ ಎರಡು ನಿಮಿಷ ಕೊಟ್ಟರು. ಮದ್ಯನಿಷೇಧದ 1920ರಿಂದ 1933ರವರೆಗೆ ಸೇತುವೆಯ ಈ ತುದಿಯಲ್ಲಿ ಅಪರಾಧವಾಗಿದ್ದ ಗ್ಲಾಸು ಆ ತುದಿಯಲ್ಲಿ ಸಾಮಾನ್ಯ ವ್ಯಾಪಾರವಾಗಿತ್ತು. ಈ ಊರಿನ ಅಪರಾಧ ಚರಿತ್ರೆಗೆ ಮುಖ್ಯ ಪಾತ್ರವೇ ಆ ಗಡಿಗೆರೆ, ಬಂದೂಕುಗಾರರು ಉಪಕಥೆ. ಹಾಗೆಯೇ 2010ರಲ್ಲಿ ಹ್ವಾರೆಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೊಲೆಗಳಾದಾಗ ಎಲ್ ಪಾಸೊದಲ್ಲಿ ನಡೆದವು ಐದು. 2019ರ ಆಗಸ್ಟ್ 3ರಂದು ಇಲ್ಲಿನ ಅಂಗಡಿಯೊಂದರಲ್ಲಿ ಗುಂಡು ಹಾರಿಸಿ 23 ಜನರ ಸಾವಿಗೆ ಕಾರಣನಾದವನು ನದಿಯಾಚೆಯವನಲ್ಲ, ಟೆಕ್ಸಾಸ್‌ನದೇ ಡಲ್ಲಾಸ್ ನಗರದ ಕಡೆಯಿಂದ ಕಾರಿನಲ್ಲಿ ಬಂದವನು. ಇದನ್ನೇಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ ಮಾರ್ಗದರ್ಶಕರು ‘ಅದು ನಮ್ಮ ಕಾಲದ್ದು, ಇತಿಹಾಸವಲ್ಲ’ ಎಂದರು. ಆ ದುಃಖ ಇನ್ನೂ ಹಸಿಯಾಗಿರುವ ಊರಿನಲ್ಲಿ ಅವರ ಸಂಕೋಚ ಅರ್ಥವಾಗುತ್ತದೆ. ಆದರೂ ಒಪ್ಪುವುದು ಕಷ್ಟ.

ಹಾಗಾದರೆ ಹೋಗಬಹುದೇ? ಬಂದೂಕುಗಾರರ ಭಾಗವೊಂದಕ್ಕೇ ಕೊಟ್ಟ ಹಣಕ್ಕೆ ಮೋಸವಿಲ್ಲ. ಐದಕ್ಕೆ ಮೂರೂವರೆ ಅಂಕ. ಬೇಸಿಗೆಯಲ್ಲಾದರೆ ಬೆಳಗಿನ ಸರದಿಗೇ ಹೋಗಿ, ಸ್ಮಶಾನದಲ್ಲಿ ನೆರಳಿಲ್ಲ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಬೇಡ. ಮರುಪ್ರವೇಶಕ್ಕೆ ನಿಮ್ಮ ವೀಸಾ ಸಲ್ಲುತ್ತದೆಯೇ ಎಂದು ನೋಡಿಕೊಂಡು ಮರುದಿನ ಸೇತುವೆಯನ್ನು ನಡೆದೇ ದಾಟಿರಿ. ಆಚೆ ಬದಿಯಲ್ಲಿ ಕೆಲವೇ ಹೆಜ್ಜೆಗಳಿಗೆ 1920ರಲ್ಲಿ ತೆರೆದ ಕೆಂಟಕಿ ಕ್ಲಬ್ ಎಂಬ ಬಾರ್ ಇದೆ. ಮಾರ್ಗರಿಟಾ ಎಂಬ ಕಾಕ್‌ಟೇಲ್ ತಮ್ಮಲ್ಲೇ ಹುಟ್ಟಿತೆನ್ನುವ ಅವರ ಮಾತನ್ನು ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಮರಳುವಾಗಿನ ಸಾಲು ಉದ್ದವಿರುತ್ತದೆ, ನೀರಿನ ಬಾಟಲಿ ಜೊತೆಗಿರಲಿ.