ಒಂದೇ ದಿನದ ಬೆಂಗಳೂರು ಟೂರ್, ಕಾಲು ಬಿದ್ದೋಯ್ತು
2 ಸ್ಟಾರ್, ಅದೂ ಡ್ರೈವರಣ್ಣನ ಮುಖ ನೋಡಿ. ನಾನು ತುಮಕೂರಲ್ಲಿ ಡಿಗ್ರಿ ಓದ್ತಿದೀನಿ, 70 ಕಿಲೋಮೀಟರ್ ದೂರದಲ್ಲಿದ್ರೂ ಬೆಂಗಳೂರು ಸರಿಯಾಗಿ ನೋಡೇ ಇರ್ಲಿಲ್ಲ, ಅದಕ್ಕೆ ಹೋದ ಭಾನುವಾರ ನಾನೂ ರೂಮ್‌ಮೇಟೂ ಮೆಜೆಸ್ಟಿಕ್‌ನಿಂದ ಹೊರಡೋ ಒಂದು ಪ್ರೈವೇಟ್ ಟೂರ್ ಬಸ್ ಬುಕ್ ಮಾಡಿದ್ವಿ. ಏಳೂವರೆಗೆ ಬಸ್ ಅಂದಿದ್ರು, ನಾವು ನಾಲ್ಕು ಗಂಟೆಗೇ ಎದ್ದು ಕ್ಯಾತ್ಸಂದ್ರದ ತಟ್ಟೆ ಇಡ್ಲಿನೂ ಬಿಟ್ಟು ಓಡಿದ್ರೆ ಬಸ್ ಬಂದಿದ್ದು ಒಂಬತ್ತಕ್ಕೆ, ಫೋನ್ ಮಾಡಿದ್ರೆ "ಬರ್ತೈತೆ ಇರಪ್ಪ" ಅಷ್ಟೇ.

ಲಾಲ್‌ಬಾಗ್‌ಗೆ ಕೊಟ್ಟಿದ್ದು 40 ನಿಮಿಷ. 240 ಎಕರೆ ತೋಟ ಸ್ವಾಮಿ ಅದು! ಆ 300 ಕೋಟಿ ವರ್ಷದ ಬಂಡೆ ಹತ್ತಿ ಕೆಂಪೇಗೌಡ್ರ ಗೋಪುರ ನೋಡಿ ಏದುಸಿರು ಬಿಡ್ತಾ ಇಳಿಯೋಷ್ಟ್ರಲ್ಲಿ ಗೈಡ್ ಶಿಳ್ಳೆ ಹೊಡೀತಿದ್ದ, ಗಾಜಿನ ಮನೆಗೆ ದೂರದಿಂದಾನೇ ಕೈ ಮುಗಿದ್ವಿ. ಟಿಪ್ಪು ಬೇಸಿಗೆ ಅರಮನೆ ಮಾತ್ರ ಸಖತ್, 1791ರಲ್ಲಿ ಕಟ್ಟಿ ಮುಗಿಸಿದ್ದು, ತೇಗದ ಕಂಬಗಳು, ಹೊರಗೆ ಮಾರ್ಕೆಟ್ ಗಲಾಟೆ ಇದ್ರೂ ಒಳಗೆ ತಣ್ಣಗಿರತ್ತೆ, ಅಲ್ಲೇ ಮಲಗೋಣ ಅನ್ನಿಸ್ತು. ವಿಧಾನಸೌಧ ರೋಡಿಂದ ಸೆಲ್ಫಿ, ಮುಗೀತು.

ಸಿಟ್ಟು ಬಂದಿದ್ದು ಎಲ್ಲಿ ಅಂದ್ರೆ ಸೀರೆ ಅಂಗಡೀಲಿ ಒಂದೂವರೆ ಗಂಟೆ ಕೂರಿಸಿದ್ರು, ಜೇಬಲ್ಲಿ ಇನ್ನೂರು ರೂಪಾಯಿ ಇರೋ ಹುಡುಗ್ರಿಗೆ ರೇಷ್ಮೆ ಸೀರೆ ಯಾಕೆ ಹೇಳಿ? ರಾತ್ರಿ ರೂಮಿಗೆ ಬಂದಾಗ ಹನ್ನೊಂದೂವರೆ, ಬೆಳಗ್ಗೆ ಇಂಟರ್ನಲ್ಸ್ ಬೇರೆ.

ಲಾಲ್‌ಬಾಗ್, ಟಿಪ್ಪು ಅರಮನೆ ಹತ್ರದ ಕೆ.ಆರ್. ಮಾರ್ಕೆಟ್ ಎರಡೂ ಹಸಿರು ಮೆಟ್ರೋ ಲೈನಲ್ಲೇ ಬರತ್ತೆ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಹಿಡಿದ್ರೆ ವಿಧಾನಸೌಧ. ಈ ಬಸ್ ಬೇಡ್ರಪ್ಪ.