ಬಿಸಿಲು ಏರಿತು, ರಾತ್ರಿಯ ಶಾಖ ಹೋಯಿತು: ಉಪ್ಪಿನ ಡ್ರೈಯರ್ ಕೊಳ್ಳುವ ಮೊದಲು ಓದಿ

ಹಾವೇರಿ ಕಡೆ ಮೆಣಸಿನಕಾಯಿ ಬೆಳೆಯುವವರು, ಸೋಲಾರ್ ಡ್ರೈಯರ್‌ಗೆ ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ಹೋದ ಡಿಸೆಂಬರಿನಲ್ಲಿ ನಾನು ರಾತ್ರಿಯೂ ಒಣಗಿಸುತ್ತದೆ ಎಂಬ ಡ್ರೈಯರ್ ತಂದೆ. ತಟ್ಟೆಗಳ ಕೆಳಗೆ ಒಂದೊಂದು ಕಿಲೋದ 40 ಪೊಟ್ಟಣ. ಒಳಗೆ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಎಂಬ ಉಪ್ಪು. ಇದು 58 ಡಿಗ್ರಿಗೆ ಕರಗುತ್ತದೆ. ಕರಗುವಾಗ ಶಾಖ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಬಿಟ್ಟುಕೊಡುತ್ತದೆ. ಮಾತು ಸುಳ್ಳಲ್ಲ. ಜನವರಿ ಮುಗಿಯುವ ತನಕ ರಾತ್ರಿ ಒಂಬತ್ತಕ್ಕೂ ಪೆಟ್ಟಿಗೆ ಬೆಚ್ಚಗಿರುತ್ತಿತ್ತು.

ಫೆಬ್ರವರಿಯಲ್ಲಿ ಬಿಸಿಲು ಬಲಿಯಿತು. ಶಾಖ ಇನ್ನೂ ಜಾಸ್ತಿ ಸಿಗಬೇಕು ಅಲ್ವಾ? ಆದದ್ದು ಉಲ್ಟಾ. ಬೆಳಿಗ್ಗೆ ನೋಡಿದರೆ ಪೊಟ್ಟಣಗಳು ತಣ್ಣಗಿದ್ದವು, ಆದರೆ ಒಳಗೆಲ್ಲ ನೀರಿನ ಹಾಗೆ ತುಳುಕುತ್ತಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಕಾಯಿ ಬೆವತು, ತೊಟ್ಟಿನ ಹತ್ತಿರ ಬಿಳಿ ಬೂಷ್ಟು ಹಿಡಿಯಿತು. ಎರಡು ಚೀಲ ಬ್ಯಾಡಗಿ ಮಾರುಕಟ್ಟೆಗೆ ಒಯ್ದೆ. ವ್ಯಾಪಾರಿ ಒಂದು ಕಾಯಿ ಮುರಿದು ಒಳಗೆ ನೋಡಿದರು, ಚೀಲದ ಬಾಯಿ ಮುಚ್ಚಿದರು. ಅಷ್ಟೇ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಅಕ್ಕನ ಮಗ ಬಂದು ನೋಡಿದ. "ಮಾಮಾ, ಉಪ್ಪು ಕೆಟ್ಟಿಲ್ಲ. ಗಟ್ಟಿಯಾಗಾಕ ಒಂದು ಹರಳು ಬೇಕು" ಅಂದ. ಮೂಲೆಯ ಒಂದು ಪೊಟ್ಟಣ ಪೂರ್ತಿ ಕರಗಿರಲಿಲ್ಲ. ಅದರಿಂದ ಚಿಟಿಕೆ ತೆಗೆದು ತುಳುಕುವ ಪೊಟ್ಟಣಕ್ಕೆ ಹಾಕಿದ. ಕಣ್ಣೆದುರೇ ಬಿಳಿ ಗರಿಗಳು ಹಬ್ಬಿ, ಕ್ಷಣದಲ್ಲಿ ಕಲ್ಲಾಯಿತು. ಹಿಡಿಯಲಾಗದಷ್ಟು ಬಿಸಿ! ಜನವರಿಯ ಎಳೆ ಬಿಸಿಲಿಗೆ ತಳದಲ್ಲಿ ಹರಳು ಉಳಿಯುತ್ತಿತ್ತು, ರಾತ್ರಿ ಅದೇ ಹೆಪ್ಪಾಗುತ್ತಿತ್ತು. ಈಗ ಎಲ್ಲಾ ಕರಗಿದ ಮೇಲೆ ಹೆಪ್ಪೇ ಇಲ್ಲ. ಶಾಖವನ್ನು ತಿಂಗಳುಗಟ್ಟಲೆ ಕೂಡಿಡಲು ತಣ್ಣಗಾದರೂ ಗಟ್ಟಿಯಾಗದ ಇದೇ ಗುಣ ಬೇಕಂತೆ, ಆದರೆ ಬೇಕೆಂದಾಗ ಗಟ್ಟಿ ಮಾಡುವ ಏರ್ಪಾಡು ಇರಬೇಕು. ನಮ್ಮ ಪೆಟ್ಟಿಗೆಯಲ್ಲಿ ಅದಿರಲಿಲ್ಲ.

ಕೆಲವು ಪೊಟ್ಟಣಗಳ ತಳದಲ್ಲಿ ಬಿಳಿ ಪುಡಿಯೂ ಕೂತಿತ್ತು. ನೀರು ಬಿಟ್ಟ ಉಪ್ಪು ಅದು. ಸುಮ್ನೆ ಕರಗಿಸಿದರೆ ಮತ್ತೆ ಬೆರೆಯುವುದಿಲ್ಲ. ಇದು ಹಳೆಯ ಕಾಟ. 1948ರಲ್ಲಿ ಅಮೆರಿಕದ ಡೋವರ್‌ನಲ್ಲಿ ವಿಜ್ಞಾನಿ ಮರಿಯಾ ಟೆಲ್ಕೆಸ್ ಗ್ಲಾಬರ್ ಉಪ್ಪು ಎಂಬ ಇಂಥದ್ದೇ ಇನ್ನೊಂದು ಉಪ್ಪಿನಿಂದ ಮನೆ ಬೆಚ್ಚಗಿಟ್ಟಿದ್ದರು. ಕೆಲವೇ ಚಳಿಗಾಲದಲ್ಲಿ ಅಲ್ಲೂ ಉಪ್ಪು ಹೀಗೇ ಬೇರ್ಪಟ್ಟಿತು. ಅದಕ್ಕೇ ಈಗ ಉಪ್ಪಿಗೆ ಮಂದ ಮಾಡುವ ಅಂಟು, ಹೆಪ್ಪಾಗುವ ಇನ್ನೊಂದು ಉಪ್ಪು ಸೇರಿಸುತ್ತಾರೆ.

ಲೆಕ್ಕವನ್ನೂ ನಾನು ಮೊದಲೇ ಹಾಕಬೇಕಿತ್ತು. ಕಿಲೋ ಉಪ್ಪು ಹಿಡಿಯುವ ಶಾಖ ಸುಮಾರು 260 ಕಿಲೋಜೂಲ್. ಒಂದು ಲೀಟರ್ ನೀರು ಆರಿಸಲು 2,400 ಬೇಕು. 40 ಕಿಲೋ ಉಪ್ಪು ಒಂದಿಷ್ಟೂ ಪೋಲಾಗದೆ ಕೆಲಸ ಮಾಡಿದರೂ ರಾತ್ರಿಗೆ ನಾಲ್ಕೇ ಲೀಟರ್. ನನಗೆ ಹೇಳಿದ್ದು ಕ್ವಿಂಟಲ್ ಲೆಕ್ಕದಲ್ಲಿ.

ಕೊಳ್ಳುವವರು ಒಂದು ಪೊಟ್ಟಣವನ್ನು ಬಿಚ್ಚದೆ ಬಿಸಿನೀರಲ್ಲಿಟ್ಟು ಒಳಗಿನ ಉಪ್ಪನ್ನು ಪೂರ್ತಿ ಕರಗಿಸಿ, ಒಂದು ಹರಳೂ ಉಳಿಯದ ಹಾಗೆ. ಅಲುಗಾಡಿಸದೆ ರಾತ್ರಿಯಿಡೀ ಆರಲು ಬಿಡಿ. ತಾನಾಗಿಯೇ ಗಟ್ಟಿಯಾಗಬೇಕು. ಹತ್ತು ಸಲ ಹೀಗೆ ಮಾಡಿ ತಳ ನೋಡಿ. ಬಿಲ್ಲಿನಲ್ಲಿ ಉಪ್ಪಿನ ಹೆಸರು, ತೂಕ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ಬರೀ "ಡ್ರೈಯರ್ 1" ಎಂದಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ.